ಆಪರೇಷನ್ ಆದ ಮೇಲೂ ಪಿಟ್ಯುಟರಿ ಗಡ್ಡೆ ಬೆಳೆಯುತ್ತಿದೆ, ಮುಂದೇನು?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ನಮ್ಮ ಯಜಮಾನರಿಗೆ 47 ವರ್ಷ, ಕಾಫಿ ತೋಟದಲ್ಲಿ ರೈಟರ್ ಆಗಿದ್ದಾರೆ. ಎರಡೂವರೆ ವರ್ಷದ ಹಿಂದೆ ತಲೆನೋವು ಶುರುವಾಯಿತು. ಪಕ್ಕದಿಂದ ಬರುವ ಗಾಡಿ ಕಾಣದೆ ಎರಡು ಸಲ ಬೈಕಿನಿಂದ ಬಿದ್ದರು. ಸ್ಕ್ಯಾನ್ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯಲ್ಲಿ 34 ಮಿ.ಮೀ. ಗಡ್ಡೆ ಇದೆ ಅಂದರು. ಮೂಗಿನ ಮೂಲಕ ಆಪರೇಷನ್ ಆಯಿತು, ದೃಷ್ಟಿ ಸರಿಹೋಯಿತು. ಆದರೆ ಎಡಗಡೆ ರಕ್ತನಾಳದ ಪಕ್ಕ ಸ್ವಲ್ಪ ಉಳಿದಿದೆ, ತೆಗೆಯಲು ಆಗಲಿಲ್ಲ ಅಂದರು. ಆಗ ಉಳಿದದ್ದು 12 ಮಿ.ಮೀ., ಮುಂದಿನ ವರ್ಷ 14, ಈಗ 19 ಆಗಿದೆ. ಕಣ್ಣಿನ ನರಕ್ಕೆ ಇನ್ನೂ 6 ಮಿ.ಮೀ. ದೂರ ಇದೆಯಂತೆ. ಬಯಾಪ್ಸಿಯಲ್ಲಿ ಕೆಐ-67 4% ಅಂತ ಬರೆದಿದೆ. ಈ ಸಲದ ರಿಪೋರ್ಟಿನಲ್ಲಿ ‘ಇನ್ವೇಸಿವ್’ ಅಂತ ಇದೆ, ‘ಅಗ್ರೆಸಿವ್ ಕೂಡ ಇರಬಹುದು’ ಎಂದು ಡಾಕ್ಟರು ಹೇಳಿದರು. ಇದು ಕ್ಯಾನ್ಸರಾ? ಒಬ್ಬರು ಮತ್ತೆ ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಕರೆಂಟ್ ಕೊಡಿಸಿ ಅನ್ನುತ್ತಾರೆ. ಕರೆಂಟ್ ಕೊಟ್ಟರೆ ಕಣ್ಣು ಹೋಗುತ್ತದಂತೆ. ನನ್ನ ಮೈದುನ ಇದಕ್ಕೆ ಹೊಸ ಮಾತ್ರೆ ಬಂದಿದೆ ಅನ್ನುತ್ತಾನೆ. ಚಾಕು ತಾಗಿದ್ದರಿಂದಲೇ ಹರಡಿತು ಅಂತ ಊರಲ್ಲಿ ಮಾತು. ಇಷ್ಟು ವರ್ಷ ತೋಟದಲ್ಲಿ ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದಕ್ಕೆ ಬಂತಾ? ಮಕ್ಕಳಿಗೂ ಬರುತ್ತಾ? ಇನ್ನೊಂದು, ಸ್ಟಿರಾಯ್ಡ್ ಮಾತ್ರೆ ಮೂಳೆಗೆ ಕೆಟ್ಟದ್ದು ಅಂತ ಅವರೇ ಎರಡು ತಿಂಗಳಿಂದ ಬಿಟ್ಟಿದ್ದಾರೆ. ಥೈರಾಯ್ಡ್ ಮಾತ್ರೆ ಮಾತ್ರ ತಗೋತಾರೆ. ಬೆಳಗ್ಗೆ ಏಳೋಕೆ ಆಗಲ್ಲ, ವಾಂತಿ ಬಂದ ಹಾಗೆ ಆಗುತ್ತೆ ಅಂತಾರೆ.

ಉತ್ತರ: ನೀವು ಕೊನೆಗೆ ಬರೆದ ಎರಡು ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಗಡ್ಡೆಯ ವಿಷಯ ಒಂದೆರಡು ವಾರ ಕಾಯಬಹುದು. ಅದು ಕಾಯುವುದಿಲ್ಲ.

ನಿಮ್ಮ ಯಜಮಾನರಿಗೆ ಕೊಟ್ಟಿರುವ ಸ್ಟಿರಾಯ್ಡ್ ಮಾತ್ರೆ ಔಷಧಿಗಿಂತ ಹೆಚ್ಚಾಗಿ ದೇಹಕ್ಕೆ ಬೇಕಾದ ದಿನದ ಪಾಲು. ನಮ್ಮೆಲ್ಲರ ದೇಹವೂ ಪ್ರತಿದಿನ ಬೆಳಗ್ಗೆ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುತ್ತದೆ. ರಕ್ತದೊತ್ತಡ, ಸಕ್ಕರೆ, ಉಪ್ಪಿನ ಅಂಶ ಎಲ್ಲ ಹಿಡಿತದಲ್ಲಿರಲು ಅದು ಬೇಕೇಬೇಕು. ಕಾರ್ಟಿಸಾಲ್ ಮಾಡು ಅಂತ ಹೇಳಿಕಳಿಸುವುದು ಪಿಟ್ಯುಟರಿ ಗ್ರಂಥಿ. 34 ಮಿ.ಮೀ. ಗಡ್ಡೆಯ ಒತ್ತಡ ತಿಂದು, ಮೇಲೆ ಆಪರೇಷನ್ನೂ ಆದ ಗ್ರಂಥಿಗೆ ಆ ಶಕ್ತಿ ಅನೇಕರಲ್ಲಿ ಉಳಿದಿರುವುದಿಲ್ಲ. ಆಗ ನಾವು ದಿನಕ್ಕೆ 15ರಿಂದ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಅಥವಾ ಅದಕ್ಕೆ ಸಮನಾದ ಪ್ರೆಡ್ನಿಸೋಲೋನ್ ಕೊಡುತ್ತೇವೆ. ದೇಹ ತಾನೇ ಮಾಡಿಕೊಳ್ಳಬೇಕಿದ್ದಷ್ಟೇ ಅದು. ಮೂಳೆ ಸವೆಯುವುದು, ಮುಖ ಊದುವುದು ಇವೆಲ್ಲ ಹೆಚ್ಚಿನ ಡೋಸಿನಲ್ಲಿ ಬಹಳ ದಿನ ತೆಗೆದುಕೊಂಡವರಿಗೆ ಬರುವ ತೊಂದರೆ. ಸಂಧಿವಾತಕ್ಕೋ ಉಬ್ಬಸಕ್ಕೋ ಸ್ಟಿರಾಯ್ಡ್ ನುಂಗಿದವರ ಕಥೆ ಕೇಳಿ ಇವರು ಬಿಟ್ಟಿರಬೇಕು. ಆ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಇದರ ಮೇಲೆ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಮುಂದುವರಿಸಿದ್ದಾರೆ. ಇದು ಇನ್ನೂ ಅಪಾಯ. ಥೈರಾಕ್ಸಿನ್ ದೇಹದಲ್ಲಿ ಉಳಿದಿರುವ ಸ್ವಲ್ಪ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಅದಕ್ಕೇ ಪಿಟ್ಯುಟರಿ ರೋಗಿಗಳಿಗೆ ನಾವು ಮೊದಲು ಸ್ಟಿರಾಯ್ಡ್ ಶುರು ಮಾಡಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡುವುದು. ಬೆಳಗ್ಗೆ ಏಳಲಾಗದ ಸುಸ್ತು, ವಾಕರಿಕೆ ಎರಡೂ ಕಾರ್ಟಿಸಾಲ್ ಕಡಿಮೆಯಾದಾಗ ಕಾಣುವ ಲಕ್ಷಣಗಳೇ. ಇದನ್ನು ಓದಿದ ದಿನವೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದೂರದ ಸ್ಪೆಷಲಿಸ್ಟ್ ಬೇಕಿಲ್ಲ, ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆ ಸಾಕು. ‘ಪಿಟ್ಯುಟರಿ ಆಪರೇಷನ್ ಆಗಿದೆ, ಸ್ಟಿರಾಯ್ಡ್ ನಿಲ್ಲಿಸಿ ಎರಡು ತಿಂಗಳಾಯಿತು’ ಅಂತ ಮೊದಲ ಮಾತಿನಲ್ಲೇ ಹೇಳಿ. ಬಿಪಿ ನೋಡಲಿ, ಸೋಡಿಯಂ ಮತ್ತು ಕಾರ್ಟಿಸಾಲ್‌ಗೆ ರಕ್ತ ತೆಗೆಯಲಿ. ಆದರೆ ರಿಪೋರ್ಟ್ ಬರಲಿ ಅಂತ ಮಾತ್ರೆಯನ್ನು ತಡ ಮಾಡುವುದು ಬೇಡ. ವಾಂತಿ ನಿಲ್ಲದಿದ್ದರೆ, ತಲೆಸುತ್ತಿ ಬಿದ್ದರೆ, ಮಂಕಾದರೆ ಅದು ತುರ್ತು. ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ನೂ ಸಲೈನೂ ತಕ್ಷಣ ಹೋಗಬೇಕು.

ಮುಂದಕ್ಕೂ ಇದನ್ನು ನೆನಪಿಡಿ. ಜ್ವರ ಬಂದ ದಿನ ಸ್ಟಿರಾಯ್ಡ್ ಡೋಸ್ ಎರಡು ಪಟ್ಟು, ಜ್ವರ ಜೋರಿದ್ದರೆ ಮೂರು ಪಟ್ಟು ಮಾಡಬೇಕು. ಜ್ವರ ಬಿಟ್ಟ ಮೇಲೆ ಮೊದಲಿನ ಡೋಸಿಗೆ ಬರಬೇಕು. ಮಾತ್ರೆ ವಾಂತಿಯಾಗಿ ಹೋದರೆ ಇಂಜೆಕ್ಷನ್ನೇ ಗತಿ. ನಿಮ್ಮದು ಡೆಂಗಿ, ಇಲಿಜ್ವರ ಬರುವ ಸೀಮೆ. ಮಳೆಗಾಲದಲ್ಲಿ ತೋಟದ ಲೈನಿನಿಂದ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಅದಕ್ಕೆ ಒಂದು ಇಂಜೆಕ್ಷನ್ ವಯಲ್, ಸಿರಿಂಜ್, ಕರಗಿಸುವ ನೀರು ಮನೆಯಲ್ಲಿರಲಿ. ತೊಡೆಗೆ ಚುಚ್ಚುವುದನ್ನು ನರ್ಸ್ ಹತ್ತಿರ ನೀವೇ ಕಲಿಯಿರಿ, ಅರ್ಧ ಗಂಟೆಯ ಕೆಲಸ. ಅವರ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಪಿಟ್ಯುಟರಿ ಕಾಯಿಲೆ, ಸ್ಟಿರಾಯ್ಡ್ ನಿಲ್ಲಿಸುವಂತಿಲ್ಲ, ತುರ್ತಿಗೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ. ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಗಡ್ಡೆಗೆ ಹೆದರಿ ಕೂತವರು ಗಡ್ಡೆಯಿಂದಲ್ಲ, ಈ ಕೊರತೆಯಿಂದ ಐಸಿಯು ಸೇರುವುದನ್ನು ನಾನು ಹಾಸನದಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಗಡ್ಡೆ ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಇದು ಗಂಟೆಗಳಲ್ಲಿ ಕೆಡುತ್ತದೆ.

ಈಗ ಗಡ್ಡೆಗೆ ಬರೋಣ.

ಕ್ಯಾನ್ಸರಾ ಅಂತ ಕೇಳಿದ್ದೀರಿ. ನೀವು ಬರೆದಿರುವ ವಿವರದಲ್ಲಿ ಹಾಗೆ ಹೇಳುವಂಥದ್ದು ಏನೂ ಇಲ್ಲ. ಪಿಟ್ಯುಟರಿ ಗಡ್ಡೆಯನ್ನು ಕ್ಯಾನ್ಸರ್ ಅನ್ನಬೇಕಾದರೆ ಅದು ಇದ್ದ ಜಾಗ ಬಿಟ್ಟು ಮಿದುಳಿನ ಬೇರೆ ಕಡೆಗೋ, ಬೆನ್ನುಹುರಿಗೋ, ಲಿವರ್, ಮೂಳೆಗೋ ಹೋಗಿ ಕೂತಿರಬೇಕು. ಅಂಥದ್ದು 1000 ಪಿಟ್ಯುಟರಿ ಗಡ್ಡೆಯಲ್ಲಿ ಒಂದೆರಡು. ಹಾಗೆ ನೋಡಿದರೆ ಪಿಟ್ಯುಟರಿಯಲ್ಲಿ ಗಡ್ಡೆ ಇರುವುದೇನೂ ಅಪರೂಪ ಅಲ್ಲ. ಬೇರೆ ಕಾರಣಕ್ಕೆ ತೀರಿಕೊಂಡವರ ಗ್ರಂಥಿ ಬಿಚ್ಚಿ ನೋಡಿದರೆ ಸುಮಾರು 10 ಜನರಲ್ಲಿ ಒಬ್ಬರಿಗೆ ಸಣ್ಣದೊಂದು ಗಡ್ಡೆ ಸಿಗುತ್ತದೆ. ಬದುಕಿದ್ದಷ್ಟು ದಿನ ಅವರಿಗೆ ಅದು ಗೊತ್ತೇ ಇರುವುದಿಲ್ಲ. ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಬಂದ ಮೇಲೆ ಕೆಲವು ಲ್ಯಾಬುಗಳು ಅಡಿನೋಮ (ಕ್ಯಾನ್ಸರ್ ಅಲ್ಲದ ಮಾಮೂಲಿ ಪಿಟ್ಯುಟರಿ ಗಡ್ಡೆಯ ಹಳೆಯ ಹೆಸರು) ಅನ್ನುವ ಬದಲು ‘ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್’ ಅಂತ ಬರೆಯುತ್ತಿವೆ. ಮುಂದೆ ನಿಮ್ಮ ಬಯಾಪ್ಸಿ ರಿಪೋರ್ಟಿನಲ್ಲಿ ಹಾಗೆ ಕಂಡರೆ ಗಾಬರಿ ಬೇಡ, ಅದೇ ಗಡ್ಡೆ.

ಇನ್ವೇಸಿವ್, ಅಗ್ರೆಸಿವ್ ಎರಡೂ ಒಂದೇ ಅಂದುಕೊಂಡಿದ್ದೀರಿ. ನಿಮ್ಮ ಮನೆಯ ಅರ್ಧ ಹೆದರಿಕೆ ಇಲ್ಲಿಂದಲೇ ಬಂದಿದೆ ಅಂತ ನನಗನ್ನಿಸುತ್ತದೆ. ಮೊದಲನೆಯದು ಗಡ್ಡೆ ಎಲ್ಲಿದೆ ಅನ್ನುವುದು. ಎರಡನೆಯದು ಚಿಕಿತ್ಸೆ ಕೊಟ್ಟಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು.

ಪಿಟ್ಯುಟರಿ ಗ್ರಂಥಿ ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ ಒಂದು ಸಣ್ಣ ಮೂಳೆಗುಳಿಯಲ್ಲಿ ಕೂತಿರುತ್ತದೆ. ಅದರ ಮೇಲೆ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ. ಪಕ್ಕದಿಂದ ಬರುವ ಗಾಡಿ ಕಾಣದೆ ಬಿದ್ದದ್ದು ಅಲ್ಲಿ ಒತ್ತಿದ್ದರಿಂದ. ಎಡಕ್ಕೂ ಬಲಕ್ಕೂ ಕ್ಯಾವರ್ನಸ್ ಸೈನಸ್ ಅಂತ ರಕ್ತ ತುಂಬಿದ ಜಾಗ ಇದೆ. ಅದರೊಳಗೆ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಕರೋಟಿಡ್, ಕಣ್ಣುಗುಡ್ಡೆ ತಿರುಗಿಸುವ ನರಗಳು, ಮುಖದ ಸ್ಪರ್ಶದ ನರಗಳು ಸಾಗುತ್ತವೆ. ಗ್ರಂಥಿಗೂ ಈ ಜಾಗಕ್ಕೂ ನಡುವೆ ಇರುವುದು ತೆಳ್ಳನೆಯ ಒಂದು ಪೊರೆ ಅಷ್ಟೇ. ಬೇಲಿ ಸಡಿಲವಿದ್ದ ಕಡೆ ಕುಂಬಳದ ಬಳ್ಳಿ ಪಕ್ಕದ ಹಿತ್ತಲಿಗೆ ನುಗ್ಗುವ ಹಾಗೆ ಗಡ್ಡೆ ಅತ್ತ ಸರಿಯುತ್ತದೆ. 10 ಮಿ.ಮೀ.ಗಿಂತ ದೊಡ್ಡ ಗಡ್ಡೆಗಳಲ್ಲಿ ಮೂರರಲ್ಲಿ ಒಂದರಷ್ಟು ಹೀಗೆ ಪಕ್ಕಕ್ಕೆ ಹೋಗಿರುತ್ತವೆ. ಎಷ್ಟು ಹೋಗಿದೆ ಅಂತ ಅಳೆಯಲು ವಿಯೆನ್ನಾದ ನ್ಯೂರೋಸರ್ಜನ್ ಎಂಗಲ್ಬರ್ಟ್ ಕ್ನೋಸ್ಪ್ 1993ರಲ್ಲಿ ಒಂದು ಕ್ರಮ ಹೇಳಿದರು. 0 ಅಂದರೆ ಸರಿದೇ ಇಲ್ಲ, 4 ಅಂದರೆ ಕರೋಟಿಡ್ ಅನ್ನು ಪೂರ್ತಿ ಸುತ್ತಿಕೊಂಡಿದೆ. ನಿಮ್ಮ ಎಂಆರ್‌ಐ ರಿಪೋರ್ಟಿನಲ್ಲಿ ಕ್ನೋಸ್ಪ್ ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರಬಹುದು, ನೋಡಿ. ಇನ್ವೇಸಿವ್ ಗಡ್ಡೆಯನ್ನು ಪೂರ್ತಿ ತೆಗೆಯುವುದು ಕಷ್ಟ. ಅಷ್ಟು ಮಾತ್ರ ಅದರಿಂದ ಗೊತ್ತಾಗುವುದು. ಹೀಗೆ ಪಕ್ಕಕ್ಕೆ ಸರಿದು, ಆಮೇಲೆ ಹತ್ತು ವರ್ಷ ಒಂದು ಮಿ.ಮೀ. ಕೂಡ ಅಲುಗಾಡದ ಗಡ್ಡೆಗಳು ನನ್ನ ಒಪಿಡಿಯಲ್ಲೇ ಇವೆ.

ಅಗ್ರೆಸಿವ್ ಅನ್ನುವುದಕ್ಕೆ ಯುರೋಪಿನ ಎಂಡೋಕ್ರೈನಾಲಜಿ ಸೊಸೈಟಿ 2018ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ನಾವು ಪಾಲಿಸುತ್ತೇವೆ. ಪಕ್ಕಕ್ಕೆ ನುಗ್ಗಿರುವ ಗಡ್ಡೆ ಅಸಹಜ ವೇಗದಲ್ಲಿ ಬೆಳೆಯುತ್ತಿರಬೇಕು. ಇಲ್ಲವೇ ಆಪರೇಷನ್, ರೇಡಿಯೇಷನ್, ಮಾಮೂಲಿ ಔಷಧಿ ಎಲ್ಲವನ್ನೂ ಸರಿಯಾಗಿ ಕೊಟ್ಟ ಮೇಲೂ ಬೆಳೆಯುತ್ತಲೇ ಇರಬೇಕು. ನಿಮ್ಮ ಯಜಮಾನರಿಗೆ ಇನ್ನೂ ರೇಡಿಯೇಷನ್ ಕೊಟ್ಟೇ ಇಲ್ಲ. ಉಳಿದ ತುಣುಕು ಬೆಳೆಯುವುದೂ ಹೊಸದಲ್ಲ. ಗಡ್ಡೆಯ ಭಾಗ ಉಳಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಅದು ಮತ್ತೆ ಬೆಳೆಯುತ್ತದೆ. ಹಾಗಾಗಿ ಆ ಹಣೆಪಟ್ಟಿ ಈಗಲೇ ಹಚ್ಚುವುದು ಅವಸರ ಅಂತ ನನ್ನ ಅಭಿಪ್ರಾಯ. ಹಾಗಂತ ಸುಮ್ನೆ ಇರುವ ಹಾಗೂ ಇಲ್ಲ. ಕೊನೆಯ ವರ್ಷದಲ್ಲಿ 5 ಮಿ.ಮೀ. ಬೆಳೆದದ್ದು, ಕೆಐ-67 4% ಇರುವುದು ಎರಡೂ ಎಚ್ಚರಿಕೆಯೇ.

ಕೆಐ-67 ಅಂದರೆ ಗಡ್ಡೆಯ 100 ಕೋಶದಲ್ಲಿ ಎಷ್ಟು ಕೋಶ ಒಡೆದು ಎರಡಾಗುವ ತಯಾರಿಯಲ್ಲಿವೆ ಅನ್ನುವ ಅಂದಾಜು. ಪಿಟ್ಯುಟರಿಯಲ್ಲಿ 3% ದಾಟಿದರೆ ಆ ಗಡ್ಡೆಯ ಮೇಲೆ ಜಾಸ್ತಿ ಕಣ್ಣಿಡುತ್ತೇವೆ. ಆದರೆ ಇದು ಮೈಕ್ರೋಸ್ಕೋಪಿನಲ್ಲಿ ಕಣ್ಣಲ್ಲಿ ಎಣಿಸಿ ಹೇಳುವ ಅಂಕಿ. ಎಣಿಸುವ ಜಾಗ ಬದಲಾದರೆ 2 ಬಂದದ್ದು 5 ಆಗಬಹುದು. ಅದೊಂದನ್ನೇ ಹಿಡಿದು ಭವಿಷ್ಯ ಹೇಳಲು ಆಗುವುದಿಲ್ಲ.

ಈಗ ಮಾಡಬೇಕಾದ್ದು ಏನು ಅಂದರೆ, ಚಿಕಿತ್ಸೆ ಯಾವುದು ಅಂತ ವಾದ ಮಾಡುವ ಮೊದಲು ಹಳೆಯದನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ ನೋಡಬೇಕು. ಬಹಳ ಮನೆಯವರು ಬರುವಾಗ ಕೊನೆಯ ರಿಪೋರ್ಟಿನ ಹಾಳೆ ಒಂದನ್ನೇ ತರುತ್ತಾರೆ. ನನಗೆ ಬೇಕಾದ್ದು ಹಾಳೆಯಲ್ಲ, ಎಲ್ಲ ಎಂಆರ್‌ಐಗಳ ಸಿಡಿ. 12, 14, 19 ಅನ್ನುವ ಅಂಕಿಗಳನ್ನು ಮೂರು ಬೇರೆ ಬೇರೆ ಜನ, ಮೂರು ಮೆಷಿನ್‌ಗಳಲ್ಲಿ, ಬೇರೆ ಬೇರೆ ದಿಕ್ಕಿನಲ್ಲಿ ಅಳೆದಿರಬಹುದು. ಒಬ್ಬರು ಮೇಲಿಂದ ಕೆಳಕ್ಕೆ ಅಳೆದರೆ ಇನ್ನೊಬ್ಬರು ಅಡ್ಡಕ್ಕೆ ಅಳೆದಿರುತ್ತಾರೆ. 2 ಮಿ.ಮೀ. ವ್ಯತ್ಯಾಸ ಸುಮ್ಮನೆ ಅಳತೆಯಲ್ಲೇ ಬರುತ್ತದೆ. ಮೂರೂ ಸಿಡಿಯನ್ನು ಒಂದೇ ಸ್ಕ್ರೀನಿನಲ್ಲಿ ಪಕ್ಕಪಕ್ಕ ಹಾಕಿ, ಅದೇ ಕರೋಟಿಡ್, ಅದೇ ಮೂಳೆಯ ಅಂಚು ಗುರುತು ಹಿಡಿದು, ಒಂದೊಂದೇ ಪದರ ಸರಿಸುತ್ತ ಅಳೆಯಬೇಕು. ಆಪರೇಷನ್ ಆಗಿ ಮೂರು ತಿಂಗಳ ಹೊತ್ತಿಗೆ ತೆಗೆದ ಸ್ಕ್ಯಾನ್ ನಮಗೆ ಮೂಲ ಅಳತೆ. ಅದಕ್ಕಿಂತ ಮುಂಚಿನದರಲ್ಲಿ ಆಪರೇಷನ್ ಜಾಗಕ್ಕೆ ತುಂಬಿಸಿದ ಕೊಬ್ಬು, ಹೆಪ್ಪುಗಟ್ಟಿದ ರಕ್ತ ಎಲ್ಲ ಸೇರಿಕೊಂಡು ದಾರಿ ತಪ್ಪಿಸುತ್ತವೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಫಿಲ್ಮ್‌ಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿರುತ್ತವೆ. ನಿಮ್ಮಲ್ಲಿ ಹಾಗಾಗಿದ್ದರೆ ಸ್ಕ್ಯಾನ್ ಮಾಡಿದ ಕಡೆಯೇ ಸಿಡಿ ಕೇಳಿ. ಎಷ್ಟೋ ಕಡೆ ಹಳೆಯದನ್ನು ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ.

ಎರಡನೆಯದು ಬಯಾಪ್ಸಿಯ ಬ್ಲಾಕ್. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಆಸ್ಪತ್ರೆಯವರು ಇಟ್ಟಿರುತ್ತಾರೆ. ಅರ್ಜಿ ಬರೆದುಕೊಟ್ಟು ತೆಗೆದುಕೊಳ್ಳಬಹುದು. ಅದರ ಮೇಲೆ ಪಿಟ್-1, ಟಿ-ಪಿಟ್, ಎಸ್‌ಎಫ್-1 ಎಂಬ ಬಣ್ಣದ ಪರೀಕ್ಷೆ ಮಾಡಿದರೆ ಗಡ್ಡೆ ಯಾವ ಜಾತಿಯ ಕೋಶದಿಂದ ಹುಟ್ಟಿತು ಅಂತ ತಿಳಿಯುತ್ತದೆ. ಇದು ಯಾಕೆ ಮುಖ್ಯ ಅಂದರೆ, ಹಾರ್ಮೋನ್ ಮಾಡದ ಗಡ್ಡೆ ಅಂತ ಎಲ್ಲರೂ ಅಂದುಕೊಂಡದ್ದರಲ್ಲಿ ಕೆಲವು ಒಳಗೊಳಗೆ ಎಸಿಟಿಎಚ್ (ಕಾರ್ಟಿಸಾಲ್ ಮಾಡು ಅಂತ ಹೇಳಿಕಳಿಸುವ ಹಾರ್ಮೋನ್) ಜಾತಿಯವು ಇರುತ್ತವೆ. ಹೊರಗೆ ಲಕ್ಷಣ ಇಲ್ಲ, ಆದರೆ ಬೇಗ ಮರಳುವ ಸ್ವಭಾವ. ಅಂಥದ್ದು ಅಂತ ಗೊತ್ತಾದರೆ ನಾವು ಕಾಯುವುದಿಲ್ಲ.

ಮೂರನೆಯದು ಹಾರ್ಮೋನ್ ಪರೀಕ್ಷೆ ಮತ್ತೊಮ್ಮೆ. ಅದರಲ್ಲೂ ಪ್ರೊಲ್ಯಾಕ್ಟಿನ್. ಪ್ರೊಲ್ಯಾಕ್ಟಿನ್ ಮಾಡುವ ಗಡ್ಡೆ ಎಷ್ಟು ದೊಡ್ಡದಿದ್ದರೂ ಕ್ಯಾಬರ್ಗೋಲಿನ್ ಮಾತ್ರೆಗೇ ಬಹಳ ಮಟ್ಟಿಗೆ ಕರಗುತ್ತದೆ, ಆಪರೇಷನ್ನೇ ಬೇಕಾಗುವುದಿಲ್ಲ ಎಷ್ಟೋ ಸಲ. ಆದರೆ ಪ್ರೊಲ್ಯಾಕ್ಟಿನ್ ವಿಪರೀತ ಜಾಸ್ತಿ ಇದ್ದಾಗ ಕೆಲವು ಮೆಷಿನ್‌ಗಳು ಅದನ್ನು ಕಡಿಮೆ ಅಂತ ತೋರಿಸಿಬಿಡುತ್ತವೆ. ದೊಡ್ಡ ಗಡ್ಡೆ ಇದ್ದವರ ರಕ್ತವನ್ನು ತೆಳು ಮಾಡಿ ಇನ್ನೊಮ್ಮೆ ನೋಡಿ ಅಂತ ಲ್ಯಾಬಿಗೆ ಹೇಳಬೇಕು. ಇದರ ಉಲ್ಟಾನೂ ಉಂಟು. ಗ್ಯಾಸಿಗೆ ಅಂತ ತೆಗೆದುಕೊಳ್ಳುವ ಎಷ್ಟೋ ಮಾತ್ರೆಯಲ್ಲಿ ಡೊಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿರುತ್ತದೆ. ಅವು ಪ್ರೊಲ್ಯಾಕ್ಟಿನ್ ಏರಿಸುತ್ತವೆ. ವಾಕರಿಕೆಗೆ ಈಗ ಅಂಗಡಿಯಿಂದ ಅಂಥದ್ದೇನಾದರೂ ತಂದು ಕೊಡುತ್ತಿದ್ದರೆ ಡಾಕ್ಟರಿಗೆ ಸ್ಟ್ರಿಪ್ ತೋರಿಸಿ. ಬೆಳವಣಿಗೆಯ ಹಾರ್ಮೋನಿಗೆ ಐಜಿಎಫ್-1, ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಕೂಡ ನೋಡಲಿ. ಟೆಸ್ಟೋಸ್ಟಿರಾನ್ ಕೊರತೆಯಿಂದ ದಾಂಪತ್ಯದಲ್ಲಿ ಆಸಕ್ತಿ ಹೋಗುತ್ತದೆ, ಮೈಯಲ್ಲಿ ತ್ರಾಣ ಇರುವುದಿಲ್ಲ, ಮೂಳೆ ನಿಜವಾಗಿ ಸವೆಯುವುದು ಇದರಿಂದ. ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ನೀವಾದರೂ ಕೇಳಿ, ಚಿಕಿತ್ಸೆ ಇದೆ.

ಇಷ್ಟು ಕೈಗೆ ಬಂದ ಮೇಲೆ ನಿಮ್ಮ ಮನೆಯ ಮೂರು ಅಭಿಪ್ರಾಯಗಳನ್ನು ತೂಗಿ ನೋಡೋಣ.

ಮತ್ತೆ ಆಪರೇಷನ್. ಚಾಕು ತಾಗಿದ್ದಕ್ಕೆ ಹರಡಿತು ಅನ್ನುವುದು ಸುಳ್ಳು. ಮೊದಲ ಆಪರೇಷನ್ ಆಗದಿದ್ದರೆ ನಿಮ್ಮ ಯಜಮಾನರು ಇವತ್ತು ಕುರುಡರಾಗಿರುತ್ತಿದ್ದರು. ಉಳಿದಿರುವುದು ಸರ್ಜನ್ ತಿಳಿದೇ ಬಿಟ್ಟ ಭಾಗ, ಯಾಕೆಂದರೆ ಅದು ಕರೋಟಿಡ್‌ಗೆ ಅಂಟಿಕೊಂಡಿದೆ. ಎರಡನೇ ಸಲ ಒಳಗೆ ಹೋದಾಗ ಮೊದಲಿನ ಗಾಯದ ಕಲೆ ಅಡ್ಡ ಬರುತ್ತದೆ, ಗುರುತುಗಳು ಮೊದಲಿನ ಹಾಗೆ ಸಿಗುವುದಿಲ್ಲ. ಕರೋಟಿಡ್‌ಗೆ ಏಟು ಬೀಳುವುದು ಅಪರೂಪ, ಆದರೆ ಬಿದ್ದರೆ ಪ್ರಾಣಕ್ಕೇ ಬರುತ್ತದೆ. ಮಿದುಳಿನ ನೀರು ಮೂಗಿನಿಂದ ಸೋರುವುದು, ಉಳಿದ ಹಾರ್ಮೋನೂ ಹೋಗುವುದು, ವಿಪರೀತ ಮೂತ್ರ, ಬಾಯಾರಿಕೆ ಇವೆಲ್ಲ ಮೊದಲ ಸಲಕ್ಕಿಂತ ಜಾಸ್ತಿ. ಹಾಗಾದರೆ ಯಾವಾಗ ಬೇಕು? ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರ ಮುಟ್ಟಿದಾಗ. ಬ್ಲಾಕ್ ಸಿಗದೆ ಜಾತಿ ತಿಳಿಯಲೇಬೇಕಾದಾಗ. ರೇಡಿಯೇಷನ್ನಿಗೆ ಮೊದಲು ಗಡ್ಡೆಯನ್ನು ಕಣ್ಣಿನ ನರದಿಂದ ಸ್ವಲ್ಪ ದೂರ ಮಾಡಬೇಕಾದಾಗ. 6 ಮಿ.ಮೀ. ದೂರ ನಿಜವಾಗಿದ್ದರೆ ಸದ್ಯಕ್ಕೆ ಈ ಮೂರೂ ಕಾರಣ ನಿಮಗಿಲ್ಲ. ಮಾಡಿಸುವುದೇ ಆದರೆ ಪಿಟ್ಯುಟರಿ ಆಪರೇಷನ್ನನ್ನೇ ವರ್ಷವಿಡೀ ಮಾಡುವ ತಂಡದಲ್ಲಿ ಮಾಡಿಸಿ. ‘ಎರಡನೇ ಸಲದ ಆಪರೇಷನ್ ಎಷ್ಟು ಮಾಡಿದ್ದೀರಿ’ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಸರ್ಜನ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕರೆಂಟ್ ಅಂದರೆ ರೇಡಿಯೇಷನ್. ನನ್ನ ಮನಸ್ಸು ವಾಲುವುದು ಇದರ ಕಡೆಗೆ. ಕೂಡಿಟ್ಟ ಸಿಡಿಗಳಲ್ಲಿ ಬೆಳವಣಿಗೆ ನಿಜ ಅಂತ ಕಂಡರೆ ಇನ್ನೊಂದು ವರ್ಷ ಕಾದು ನೋಡೋಣ ಅನ್ನುವುದರಲ್ಲಿ ಅರ್ಥವಿಲ್ಲ. ಗಡ್ಡೆ ಸಣ್ಣದಿದ್ದಾಗ, ಕಣ್ಣಿನ ನರ ದೂರ ಇದ್ದಾಗ ಕೊಟ್ಟರೆ ಗುರಿ ಸುಲಭ. ಇದರಲ್ಲಿ ಎರಡು ರೀತಿ. ಒಂದೇ ಸಲಕ್ಕೆ ಮುಗಿಯುವ ರೇಡಿಯೋಸರ್ಜರಿ, ಗಾಮಾ ನೈಫ್ ಅನ್ನುವುದು ಇದೇ ಜಾತಿಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಇದಕ್ಕೆ ಗಡ್ಡೆ ಸಣ್ಣದಿರಬೇಕು, ಕಣ್ಣಿನ ನರಕ್ಕೆ 3ರಿಂದ 5 ಮಿ.ಮೀ. ಆದರೂ ಅಂತರ ಇರಬೇಕು. ಇನ್ನೊಂದು ದಿನಾ ಸ್ವಲ್ಪ ಸ್ವಲ್ಪ ಕೊಡುವುದು. ವಾರಕ್ಕೆ ಐದು ದಿನ, ಒಟ್ಟು 25ರಿಂದ 30 ಸಲ, ಎಲ್ಲ ಸೇರಿ 45ರಿಂದ 54 ಗ್ರೇ (ರೇಡಿಯೇಷನ್ ಡೋಸಿನ ಅಳತೆ). ಗಡ್ಡೆ ದೊಡ್ಡದಿದ್ದರೆ, ಅಂಕುಡೊಂಕಾಗಿ ಹಬ್ಬಿದ್ದರೆ ಇದೇ ಸುರಕ್ಷಿತ. ಮಾಮೂಲಿ ಅಡಿನೋಮದಲ್ಲಿ 10 ಜನರಲ್ಲಿ 8-9 ಜನರಿಗೆ ಬೆಳವಣಿಗೆ ನಿಲ್ಲುತ್ತದೆ. ನಿಲ್ಲುತ್ತದೆ ಅಂದೆ, ಮಾಯವಾಗುತ್ತದೆ ಅನ್ನಲಿಲ್ಲ. ಕುಗ್ಗುವುದು ನಿಧಾನ, ವರ್ಷಗಟ್ಟಲೆ.

ಕಣ್ಣು ಹೋಗುತ್ತದೆ ಅನ್ನುವ ಭಯದಲ್ಲಿ ಒಂದು ಎಳೆ ನಿಜ ಇದೆ. ಈಗಿನ ಪ್ಲಾನಿಂಗ್‌ನಲ್ಲಿ ಕಣ್ಣಿನ ನರಕ್ಕೆ ತೊಂದರೆ 100ರಲ್ಲಿ ಒಬ್ಬಿಬ್ಬರಿಗೆ. ನಾನು ಹೆಚ್ಚು ಒತ್ತಿ ಹೇಳಬೇಕಾದ ಅಡ್ಡಪರಿಣಾಮ ಬೇರೆ. ರೇಡಿಯೇಷನ್ ಆಗಿ ಐದು, ಹತ್ತು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗ್ರಂಥಿಯ ಉಳಿದ ಹಾರ್ಮೋನುಗಳೂ ಒಂದೊಂದಾಗಿ ನಿಲ್ಲುತ್ತವೆ. ಹಾಗಾಗಿ ಪ್ರತಿವರ್ಷ ರಕ್ತಪರೀಕ್ಷೆ ಬಿಡುವಂತಿಲ್ಲ. 20 ವರ್ಷದ ಲೆಕ್ಕದಲ್ಲಿ 100ರಲ್ಲಿ ಇಬ್ಬರಷ್ಟು ಜನರಿಗೆ ಆ ಜಾಗದಲ್ಲಿ ಬೇರೆ ಗಡ್ಡೆ ಹುಟ್ಟಬಹುದು. ಪಾರ್ಶ್ವವಾಯುವಿನ ಸಾಧ್ಯತೆ ಸ್ವಲ್ಪ ಏರುತ್ತದೆ, ಆದ್ದರಿಂದ ಬಿಪಿ, ಸಕ್ಕರೆ ಹಿಡಿತದಲ್ಲಿರಲಿ, ಬೀಡಿ ಸಿಗರೇಟ್ ಇದ್ದರೆ ಬಿಡಲಿ. 47 ವರ್ಷದವರಲ್ಲಿ ಇವನ್ನೆಲ್ಲ ಎದುರಿಗಿಟ್ಟುಕೊಂಡೂ ನಾನು ಬೆಳೆಯುವ ಗಡ್ಡೆಯನ್ನು ನಿಲ್ಲಿಸುವುದನ್ನೇ ಆರಿಸುತ್ತೇನೆ. ಫಿಲ್ಮ್ ನೋಡಿದ ನ್ಯೂರೋಸರ್ಜನ್, ರೇಡಿಯೇಷನ್ ಡಾಕ್ಟರು, ಹಾರ್ಮೋನ್ ಡಾಕ್ಟರು ಮೂವರೂ ಕೂತು ಬೇರೆ ಹೇಳಿದರೆ ಅವರ ಮಾತು ಕೇಳಿ.

ನಿಮ್ಮ ಮೈದುನ ಹೇಳಿದ ಮಾತ್ರೆ ಟೆಮೊಜೊಲೊಮೈಡ್ ಇರಬೇಕು. ಮಿದುಳಿನ ಕ್ಯಾನ್ಸರಿಗೆ ಕೊಡುವ ಕೀಮೋ ಅದು. ಆಪರೇಷನ್, ರೇಡಿಯೇಷನ್ ಎರಡೂ ಆಗಿ ಗಡ್ಡೆ ಇನ್ನೂ ಬೆಳೆಯುತ್ತಿದ್ದರೆ, ಆಗ ಮೊದಲು ಕೈ ಹಾಕುವ ಕೀಮೋ ಇದೇ. ತಿಂಗಳಿಗೆ ಐದು ದಿನ, ಹೀಗೆ ಕನಿಷ್ಠ ಆರು ತಿಂಗಳು. ಮೂರು ಸುತ್ತು ಮುಗಿದ ಮೇಲೆ ಎಂಆರ್‌ಐ ಮಾಡಿ, ಬೆಳೆದಿದ್ದರೆ ನಿಲ್ಲಿಸುತ್ತೇವೆ. ಸುಮಾರು ಮೂರರಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗುತ್ತದೆ, ಮೂರರಲ್ಲಿ ಒಬ್ಬರಿಗೆ ಇದ್ದಲ್ಲೇ ನಿಲ್ಲುತ್ತದೆ, ಉಳಿದವರಿಗೆ ಉಪಯೋಗವಾಗುವುದಿಲ್ಲ. ಹಾರ್ಮೋನ್ ಮಾಡುವ ಗಡ್ಡೆಗಳಲ್ಲಿ ಇದಕ್ಕಿಂತ ಚೆನ್ನಾಗಿ, ಮಾಡದವುಗಳಲ್ಲಿ ಇದಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ. ಎಂಜಿಎಂಟಿ ಅನ್ನುವ ಪ್ರೋಟೀನ್ ಗಡ್ಡೆಯಲ್ಲಿ ಕಡಿಮೆ ಇದ್ದರೆ ಫಲ ಸಿಗುವ ಸಾಧ್ಯತೆ ಜಾಸ್ತಿ. ಮತ್ತೆ ಅದೇ ಮೇಣದ ಬ್ಲಾಕಿನಲ್ಲಿ ಇದನ್ನೂ ನೋಡಬಹುದು. ಸುಸ್ತು, ವಾಕರಿಕೆ, ಪ್ಲೇಟ್ಲೆಟ್ ಇಳಿಯುವುದು ಇದರ ಕಷ್ಟಗಳು. ಈಗಲೇ ಇದಕ್ಕೆ ಹಾರುವುದು ಬೇಡ. ಕೊನೆಗೆ ಬೇಕಾಗಬಹುದಾದ ಔಷಧಿಯನ್ನು ಮೊದಲೇ ಖರ್ಚು ಮಾಡಿದ ಹಾಗೆ ಆಗುತ್ತದೆ. ಅದೂ ಕೈಕೊಟ್ಟರೆ ಮುಂದೆ ಇಮ್ಯುನೋಥೆರಪಿ, ಬೆವಾಸಿಜುಮ್ಯಾಬ್ ಇಂಥವನ್ನು ಕೆಲವರಲ್ಲಿ ಪ್ರಯತ್ನಿಸಿದ್ದಾರೆ. ನಿಮ್ಮ ಹಂತಕ್ಕೆ ಆ ಚರ್ಚೆ ಬೇಕಿಲ್ಲ.

ಕೆಲವು ಡಾಕ್ಟರು ಪ್ರೊಲ್ಯಾಕ್ಟಿನ್ ಮಾಡದ ಉಳಿದ ಗಡ್ಡೆಗೂ ಕ್ಯಾಬರ್ಗೋಲಿನ್ ಕೊಟ್ಟು ನೋಡುತ್ತಾರೆ. ಕೆಲವರಲ್ಲಿ ಬೆಳವಣಿಗೆ ತಡೆಯುತ್ತದೆ. ಕೊಟ್ಟರೆ ಒಂದು ವಿಷಯ ಮನೆಯವರಿಗೆ ಗೊತ್ತಿರಬೇಕು. ಅಪರೂಪಕ್ಕೆ ಈ ಮಾತ್ರೆಯಿಂದ ಜೂಜು, ದುಂದುವೆಚ್ಚ, ಅತಿಯಾದ ಕಾಮ, ಸಿಟ್ಟು ಹೀಗೆ ಸ್ವಭಾವವೇ ಬದಲಾಗುತ್ತದೆ. ಅದು ಮಾತ್ರೆಯ ಕೆಲಸ, ಮನುಷ್ಯ ಕೆಟ್ಟದ್ದಲ್ಲ. ಕಂಡರೆ ತಕ್ಷಣ ಹೇಳಿ.

ಮನೆಯಲ್ಲೇ ಕಣ್ಣು ನೋಡುವ ವಿಧಾನ ಹೇಳುತ್ತೇನೆ, ತಿಂಗಳಿಗೊಮ್ಮೆ ಮಾಡಿ. ಬೆಳಕಿರುವಾಗ ಅವರ ಎದುರು ಒಂದು ಮಾರು ದೂರ ಕೂತುಕೊಳ್ಳಿ. ಅವರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನಿಮ್ಮ ಮೂಗನ್ನೇ ನೋಡಲಿ. ನೀವು ಕೈ ಅಗಲಿಸಿ, ಒಂದು ಬೆರಳು ಅಲ್ಲಾಡಿಸುತ್ತ ಹೊರಗಿನಿಂದ ನಿಧಾನವಾಗಿ ನಡುವಿಗೆ ತನ್ನಿ. ಕಂಡ ಕೂಡಲೇ ‘ಹ್ಞೂಂ’ ಅನ್ನಲಿ. ಮೇಲೆ, ಕೆಳಗೆ, ಎರಡೂ ಪಕ್ಕ ನೋಡಿ. ಆಮೇಲೆ ಇನ್ನೊಂದು ಕಣ್ಣು. ಹೊರಪಕ್ಕದ ಬೆರಳು ಮೊದಲಿಗಿಂತ ತಡವಾಗಿ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಫೀಲ್ಡ್ ಪರೀಕ್ಷೆ ಮಾಡಿಸಿ. ಮಷಿನ್ನಿನ ಪರೀಕ್ಷೆ ಹೇಗೂ ಆರು ತಿಂಗಳಿಗೊಮ್ಮೆ ಬೇಕು. ಅದು ಸರಿ ಇರುವ ತನಕ ಮಾತ್ರ ಬೈಕ್. ಇವರ ಗಡ್ಡೆ ಎಡಪಕ್ಕದಲ್ಲಿ ಇರುವುದರಿಂದ ಎಡ ರೆಪ್ಪೆ ಇಳಿಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಎಡ ಹಣೆ, ಕೆನ್ನೆ ಜೋಮು ಹಿಡಿಯುವುದು ಇವನ್ನೂ ಗಮನಿಸಿ. ಸಿಡಿಲು ಬಡಿದಂತೆ ತಲೆನೋವು ಬಂದು ದೃಷ್ಟಿ ಮಂಜಾದರೆ ಗಡ್ಡೆಯೊಳಗೆ ರಕ್ತ ಸೋರಿರಬಹುದು. ಬಗ್ಗಿದಾಗ ಮೂಗಿನಿಂದ ನೀರಿನಂತೆ ತೊಟ್ಟಿಕ್ಕಿದರೆ ಮಿದುಳಿನ ನೀರು ಸೋರುತ್ತಿರಬಹುದು. ಎರಡಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ದುಡ್ಡಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ 30%, ವರ್ಷಕ್ಕೆ 1.5 ಲಕ್ಷದವರೆಗೆ. ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯಲ್ಲೋ ಹಾಸನದ ಹಿಮ್ಸ್‌ನಲ್ಲೋ ಆರೋಗ್ಯಮಿತ್ರ ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ. ದಿನಾ ಕೊಡುವ ರೇಡಿಯೇಷನ್ ಆದರೆ ಐದಾರು ವಾರ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಉಳಿಯಬೇಕು. ಕಾಫಿ ಕೊಯ್ಲು ಶುರುವಾದರೆ ರೈಟರಿಗೆ ರಜಾ ಸಿಗುವುದು ಕಷ್ಟ ಅಂತ ನನಗೂ ಗೊತ್ತು. ಕಣ್ಣು ಸರಿ ಇದ್ದು, ಹಾರ್ಮೋನ್ ಸರಿ ಮಾಡಿಕೊಂಡಿದ್ದರೆ ಕೆಲವು ವಾರ ಹಿಂದೆ ಮುಂದೆ ಆದರೂ ನಷ್ಟವಿಲ್ಲ. ಆದರೆ ‘ಮುಂದಿನ ವರ್ಷ ನೋಡೋಣ’ ಅಂತ ತೋಟದ ಮಾಲೀಕರ ಹತ್ತಿರ ಒಪ್ಪಿಕೊಂಡು ಬರಬೇಡಿ.

ಬೋರ್ಡೋ ದ್ರಾವಣಕ್ಕೂ ಪಿಟ್ಯುಟರಿ ಗಡ್ಡೆಗೂ ಗೊತ್ತಿರುವ ಸಂಬಂಧ ಏನೂ ಇಲ್ಲ. ಮೊಬೈಲಿಗೆ, ಟೆನ್ಶನ್ನಿಗೆ, ಹಳೆಯ ತಲೆಪೆಟ್ಟಿಗೂ ಇಲ್ಲ. ಹೆಚ್ಚಿನವು ಒಂದು ಕೋಶದ ಜೀನಿನಲ್ಲಿ ತಾನಾಗಿ ಆಗುವ ತಪ್ಪಿನಿಂದ ಹುಟ್ಟುತ್ತವೆ. ಅವರು ಏನೋ ಮಾಡಿದ್ದರಿಂದ, ನೀವು ಏನೋ ನೋಡಿಕೊಳ್ಳದೆ ಇದ್ದದ್ದರಿಂದ ಬಂದದ್ದಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ಮನೆತನದಲ್ಲಿ ಬರುವ ಪಿಟ್ಯುಟರಿ ಗಡ್ಡೆ 100ರಲ್ಲಿ ಐದರಷ್ಟು. ಅವು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತವೆ. 45ರ ಹತ್ತಿರ ಬಂದ, ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲದ ಗಡ್ಡೆಗೆ ಮಕ್ಕಳಿಗೆ ಸ್ಕ್ಯಾನ್ ಬೇಕಿಲ್ಲ, ಜೀನ್ ಪರೀಕ್ಷೆಯೂ ಬೇಕಿಲ್ಲ. ಒಂದೇ ಒಂದು ನೋಡಿಕೊಳ್ಳಿ: ಅವರಿಗೋ ಅವರ ಅಣ್ಣತಮ್ಮಂದಿರಿಗೋ ಪದೇ ಪದೇ ಕಿಡ್ನಿ ಕಲ್ಲು ಆಗಿದೆಯಾ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದೆ ಅಂತ ಯಾರಾದರೂ ಹೇಳಿದ್ದರಾ? ಹೌದಾದರೆ ಮೆನ್-1 ಎಂಬ ಮನೆತನದ ಕಾಯಿಲೆಯ ಯೋಚನೆ ಮಾಡಬೇಕು, ಆಗ ಮಕ್ಕಳನ್ನೂ ನೋಡಬೇಕಾಗುತ್ತದೆ. ಸೋಡಿಯಂ, ಕಾರ್ಟಿಸಾಲ್‌ಗೆ ರಕ್ತ ಕೊಡುವಾಗಲೇ ಕ್ಯಾಲ್ಸಿಯಂ ಕೂಡ ಬರೆಸಿ.